ಒಂದು ಓಟು, ಮೂವತ್ತಾರು ವರ್ಷ: ಐರ್ಲೆಂಡ್ ಮೇಲ್ಮನೆಯ ಪಕ್ಷೇತರರು ಏನು ಮಾಡುತ್ತಾರೆ?

1987ರಲ್ಲಿ ಡೇವಿಡ್ ನಾರಿಸ್ ಐರ್ಲೆಂಡಿನ ಮೇಲ್ಮನೆಗೆ ಆರಿಸಿ ಬಂದರು. ದೇಶಕ್ಕೆ ಕಾನೂನು ಮಾಡುವ ಸದನದಲ್ಲಿ ಅವರಿಗೊಂದು ಕುರ್ಚಿ ಸಿಕ್ಕಿತು. ಆದರೆ ಅದೇ ದೇಶದ ಕಾನೂನಿನ ಕಣ್ಣಿಗೆ ಅವರ ಬದುಕೇ ಅಪರಾಧವಾಗಿತ್ತು. ನಾರಿಸ್ ಸಲಿಂಗಿ. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಬ್ರಿಟಿಷರು 1861ರಲ್ಲಿ ಮತ್ತು 1885ರಲ್ಲಿ ಮಾಡಿಟ್ಟುಹೋದ ಎರಡು ಕಾನೂನುಗಳು ಗಂಡಸರ ನಡುವಿನ ಸಂಬಂಧಕ್ಕೆ ಜೈಲು ಶಿಕ್ಷೆ ಬರೆದಿದ್ದವು. ನಮ್ಮ 377ನೇ ಸೆಕ್ಷನ್ನಿನ ಒಡಹುಟ್ಟುಗಳು ಅನ್ನಿ.

ನಾರಿಸ್ ಯಾವ ಪಕ್ಷದವರೂ ಅಲ್ಲ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತಿದ್ದವರು. ಆ ಕಾನೂನಿನ ವಿರುದ್ಧ ತಮ್ಮ ದೇಶದ ಕೋರ್ಟಿಗೆ ಹೋಗಿ ಸೋತಿದ್ದರು. 1983ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ 3–2ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತ್ತು. ಆಮೇಲೆ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿಗೆ ಹೋದರು. 1988ರ ಅಕ್ಟೋಬರ್‌ನಲ್ಲಿ ಅಲ್ಲಿ 8–6ರಲ್ಲಿ ಗೆದ್ದರು. ಗೆದ್ದ ಮೇಲೂ ಕಾನೂನು ಬದಲಾಗಲಿಲ್ಲ. ಸರ್ಕಾರಗಳು ಐದು ವರ್ಷ ತಳ್ಳುತ್ತಲೇ ಹೋದವು. ಕೊನೆಗೆ 1993ರ ಜೂನ್‌ನಲ್ಲಿ ಆ ಹಳೆಯ ಕಲಮುಗಳನ್ನು ಕಿತ್ತುಹಾಕುವ ಮಸೂದೆ ಮೇಲ್ಮನೆಗೆ ಬಂತು. ನಾರಿಸ್ ತಮ್ಮ ಜಾಗದಲ್ಲೇ ಎದ್ದು ನಿಂತು ಅದರ ಪರವಾಗಿ ಮಾತಾಡಿದರು. ಜುಲೈನಲ್ಲಿ ಅದಕ್ಕೆ ಸಹಿ ಹಾಕಿದ ರಾಷ್ಟ್ರಪತಿ ಮೇರಿ ರಾಬಿನ್ಸನ್. ಹಿಂದೆ ಕೋರ್ಟಿನಲ್ಲಿ ನಾರಿಸ್ ಪರ ವಾದಿಸಿದ ವಕೀಲೆ ಅವರೇ. ಅವರೂ ಅದೇ ಮೇಲ್ಮನೆಯಲ್ಲಿ ಪಕ್ಷೇತರ ಸದಸ್ಯೆಯಾಗಿದ್ದವರು.

ಈ ಕತೆ ಕೇಳಿದವರಿಗೆ ಒಂದು ಪ್ರಶ್ನೆ ಏಳುತ್ತದೆ. ಅರವತ್ತು ಜನರ ಸದನದಲ್ಲಿ ಪಕ್ಷವಿಲ್ಲದ ಒಬ್ಬರ ಮಾತಿಗೆ ಏನು ಬೆಲೆ? ಮತಕ್ಕೆ ಹಾಕಿದರೆ ಸೋಲುವುದು ಹೆಚ್ಚುಕಡಿಮೆ ಖಚಿತ. ಹಾಗಿದ್ದೂ ಅವರು ಯಾಕೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ? ಇದು ಅರ್ಥವಾಗಬೇಕಾದರೆ ಆ ಸದನ ಹೇಗೆ ಕಟ್ಟಿದೆ ಅನ್ನೋದನ್ನು ಮೊದಲು ನೋಡಬೇಕು.

ಅರವತ್ತು ಕುರ್ಚಿಗಳ ಲೆಕ್ಕ

ಐರ್ಲೆಂಡಿನ ಮೇಲ್ಮನೆಗೆ ಐರಿಷ್ ಭಾಷೆಯಲ್ಲಿ ಶ್ಯಾನಡ್ ಎನ್ನುತ್ತಾರೆ. ಡಬ್ಲಿನ್ನಿನ ಲೆನ್‌ಸ್ಟರ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ಅದು ಸೇರುತ್ತದೆ. ಈಗಿನ ರೂಪ ಕೊಟ್ಟಿದ್ದು 1937ರ ಸಂವಿಧಾನ. 60 ಸದಸ್ಯರಲ್ಲಿ 43 ಜನ ಐದು ಪಟ್ಟಿಗಳಿಂದ ಬರುತ್ತಾರೆ. ಸಂಸ್ಕೃತಿ–ಶಿಕ್ಷಣ, ಕೃಷಿ, ಕಾರ್ಮಿಕ, ಉದ್ಯಮ–ವಾಣಿಜ್ಯ, ಆಡಳಿತ, ಹೀಗೆ ಒಂದೊಂದು ಕ್ಷೇತ್ರಕ್ಕೆ ಒಂದೊಂದು ಪಟ್ಟಿ. ಕೇಳೋಕೆ ಚೆನ್ನಾಗಿದೆ. ಆದರೆ ಇವರಿಗೆ ಓಟು ಹಾಕುವವರು ರೈತರೂ ಅಲ್ಲ, ಕಾರ್ಮಿಕರೂ ಅಲ್ಲ. ಸಂಸದರು ಮತ್ತು ಸ್ಥಳೀಯ ಕೌನ್ಸಿಲರ್‌ಗಳು. ಅಂದರೆ ಬಹುಪಾಲು ಪಕ್ಷದ ಜನ. ಆದ್ದರಿಂದ ಆ 43ರಲ್ಲಿ ಪಕ್ಷೇತರರು ಗೆಲ್ಲುವುದು ಅಪರೂಪ.

ಇನ್ನು 11 ಜನರನ್ನು ಪ್ರಧಾನಿ ನೇರವಾಗಿ ನೇಮಿಸುತ್ತಾರೆ. ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತ ತಪ್ಪದಿರಲಿ ಅಂತ ಇಟ್ಟ ಏರ್ಪಾಡು ಇದು. ಆದರೆ ಇದೇ ಬಾಗಿಲಿನಿಂದ ಕೆಲವೊಮ್ಮೆ ಒಳ್ಳೆಯ ಪಕ್ಷೇತರರೂ ಬಂದಿದ್ದಾರೆ. 2020ರಲ್ಲಿ ಐಲೀನ್ ಫ್ಲಿನ್ ನೇಮಕವಾದರು. ಐರ್ಲೆಂಡಿನ ಅಲೆಮಾರಿ ಟ್ರಾವೆಲರ್ ಸಮುದಾಯದಿಂದ ಮೇಲ್ಮನೆಗೆ ಬಂದ ಮೊದಲ ಮಹಿಳೆ ಅವರು.

ಉಳಿದದ್ದು ಆರು. ನಾರಿಸ್, ರಾಬಿನ್ಸನ್ ಮುಂತಾದವರ ಕತೆ ಹುಟ್ಟಿದ್ದು ಈ ಆರು ಕುರ್ಚಿಗಳಲ್ಲೇ. ಮೂರು ಸ್ಥಾನಕ್ಕೆ ಟ್ರಿನಿಟಿ ಕಾಲೇಜಿನ ಪದವೀಧರರು ಓಟು ಹಾಕುತ್ತಿದ್ದರು. ಇನ್ನು ಮೂರಕ್ಕೆ ನ್ಯಾಷನಲ್ ಯೂನಿವರ್ಸಿಟಿಯ ಪದವೀಧರರು. ಓಟು ಅಂಚೆಯಲ್ಲಿ. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದಲ್ಲಿ ಮಾಡುವ ಹಾಗೆ 1, 2, 3 ಅಂತ ಇಷ್ಟದ ಕ್ರಮ ಬರೆಯಬೇಕು. ಮತದಾರರು ಊರೂರಿನಲ್ಲಿ, ದೇಶದೇಶಗಳಲ್ಲಿ ಹರಡಿಕೊಂಡಿದ್ದಾರೆ. ಇಂಥವರನ್ನು ಬೂತ್ ಏಜೆಂಟರು ಹಿಡಿದು ತರೋಕಾಗಲ್ಲ. ಪಕ್ಷದ ಯಂತ್ರ ಇಲ್ಲಿ ಅಷ್ಟು ಓಡುವುದಿಲ್ಲ. ಒಬ್ಬ ಮನುಷ್ಯನ ಹೆಸರು, ಅವನು ಹಿಂದೆ ಏನು ಹೇಳಿದ್ದಾನೆ ಅನ್ನೋದು ಓಡುತ್ತದೆ. ನಾರಿಸ್ ಕೂಡ ಮೊದಲ ಸಲವೇ ಗೆದ್ದವರಲ್ಲ. ಹಲವು ಸಲ ಸೋತು ಆಮೇಲೆ ಗೆದ್ದರು. ಒಮ್ಮೆ ಗೆದ್ದ ಮೇಲೆ 2024ರವರೆಗೂ ಯಾರೂ ಅವರನ್ನು ಅಲ್ಲಿಂದ ಕದಲಿಸಲಿಲ್ಲ.

ವಿಪ್ ಇಲ್ಲದವನ ಸ್ವಾತಂತ್ರ್ಯ

ಪಕ್ಷದ ಸದಸ್ಯನಿಗೆ ಮೇಲಿಂದ ವಿಪ್ ಬರುತ್ತದೆ. ಇಂಥ ಮಸೂದೆಗೆ ಹೀಗೇ ಓಟು ಹಾಕು ಎಂದು. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ. ವಿಪ್ ಮೀರಿದರೆ ಸ್ಥಾನವೇ ಹೋಗಬಹುದು. ಐರ್ಲೆಂಡಿನಲ್ಲಿ ಅಷ್ಟು ಕಠಿಣ ಇಲ್ಲ. ಪಕ್ಷದ ಗುಂಪಿನಿಂದ ಹೊರಗೆ ಹಾಕುತ್ತಾರೆ, ಕುರ್ಚಿ ಉಳಿಯುತ್ತದೆ. ಆದರೂ ಮುಂದಿನ ಟಿಕೆಟ್ ಮೇಲೆ ಕಣ್ಣಿಟ್ಟವನು ಹೊರಗೆ ಹೋಗುವ ಧೈರ್ಯ ಮಾಡುವುದು ಕಡಿಮೆ.

ಪಕ್ಷೇತರನಿಗೆ ಈ ಭಯ ಇಲ್ಲ. ಆದರೆ ಇದಕ್ಕೆ ಅವನು ತೆರುವ ಬೆಲೆಯೂ ದೊಡ್ಡದು. ಪಕ್ಷದ ಸದಸ್ಯನಿಗೆ ಮಸೂದೆ ಓದಿ ಟಿಪ್ಪಣಿ ಮಾಡಿಕೊಡುವ ಆಫೀಸು ಇರುತ್ತದೆ. ಭಾಷಣದ ಅಂಶಗಳು ಸಿದ್ಧವಾಗಿ ಕೈಗೆ ಬರುತ್ತವೆ. ಪಕ್ಷೇತರ ಎಲ್ಲವನ್ನೂ ತಾನೇ ಓದಬೇಕು. ಅದಕ್ಕೇ ಅವರು ಆಯ್ದುಕೊಳ್ಳುತ್ತಾರೆ. ಒಬ್ಬರು ಅಂಗವಿಕಲರ ವಿಷಯ ಹಿಡಿಯುತ್ತಾರೆ, ಇನ್ನೊಬ್ಬರು ವಿದೇಶಾಂಗ, ಮತ್ತೊಬ್ಬರು ಸಣ್ಣ ವ್ಯಾಪಾರ. ಕೆಲವು ವರ್ಷಗಳಲ್ಲಿ ಆ ವಿಷಯದಲ್ಲಿ ಸಚಿವರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ. ಸಚಿವರು ಎರಡು ಮೂರು ವರ್ಷಕ್ಕೆ ಖಾತೆ ಬದಲಿಸುತ್ತಾರೆ. ಸದಸ್ಯ ಅಲ್ಲೇ ಇರುತ್ತಾನೆ.

ಕೆಲವು ಪಕ್ಷೇತರರು ಸೇರಿ ಗುಂಪು ಮಾಡಿಕೊಳ್ಳುವುದೂ ಉಂಟು. 2016ರಲ್ಲಿ ಸಿವಿಲ್ ಎಂಗೇಜ್‌ಮೆಂಟ್ ಗ್ರೂಪ್ ಅಂತ ಒಂದು ಹುಟ್ಟಿತು. ಇದು ಪಕ್ಷ ಅಲ್ಲ, ವಿಪ್ ಇಲ್ಲ. ಮಾತಾಡುವ ಸಮಯವನ್ನು, ಖಾಸಗಿ ಮಸೂದೆ (ಸರ್ಕಾರವಲ್ಲ, ಸದಸ್ಯರೇ ತರುವ ಮಸೂದೆ) ಮಂಡಿಸುವ ಸಮಯವನ್ನು ಸದನ ಗುಂಪುಗಳ ಲೆಕ್ಕದಲ್ಲಿ ಹಂಚುತ್ತದೆ. ಒಂಟಿಯಾಗಿದ್ದರೆ ಸರದಿ ಬರುವುದೇ ಕಷ್ಟ.

ಮಾತು ಎಲ್ಲೆಲ್ಲಿ ನಡೆಯುತ್ತದೆ

ಸದನದಲ್ಲಿ ದಿನದ ಮೊದಲ ಭಾಗದಲ್ಲೇ ಆ ದಿನದ ಕಲಾಪದ ಪಟ್ಟಿ ಬರುತ್ತದೆ. ಸದನದ ನಾಯಕರು ಇವತ್ತು ಏನೇನು ನಡೆಯುತ್ತದೆ ಅಂತ ಓದುತ್ತಾರೆ. ಆಗ ಸದಸ್ಯರು ಎದ್ದು, ಇಂಥ ವಿಷಯವೂ ಚರ್ಚೆಗೆ ಬರಲಿ ಎಂದು ಕೇಳಬಹುದು. ಮಾತಿಗೆ ಒಂದೆರಡು ನಿಮಿಷ ಅಷ್ಟೇ. ಆಸ್ಪತ್ರೆಯ ಸಾಲು, ಎಲ್ಲೋ ದೂರದ ಯುದ್ಧ, ಬೀಳುತ್ತಿರುವ ಹಳೇ ಕಟ್ಟಡ, ಏನು ಬೇಕಾದರೂ ಬರುತ್ತದೆ. ಇದಲ್ಲದೆ ಒಂದು ನಿರ್ದಿಷ್ಟ ಪ್ರಶ್ನೆಗೆ ಸಚಿವರೇ ಬಂದು ಉತ್ತರಿಸುವ ಹೊತ್ತೂ ಇದೆ.

ನಿಜವಾದ ಕೆಲಸ ನಡೆಯುವುದು ಮಸೂದೆಯ ಮೇಲೆ. ಮಸೂದೆ ಐದು ಹಂತ ದಾಟಬೇಕು. ಮಂಡನೆ, ಒಟ್ಟು ಆಶಯದ ಮೇಲಿನ ಚರ್ಚೆ, ಸಮಿತಿ ಹಂತ, ವರದಿ ಹಂತ, ಕೊನೆಯ ಒಪ್ಪಿಗೆ. ಪತ್ರಿಕೆಗಳು ಸಾಮಾನ್ಯವಾಗಿ ಎರಡನೇ ಹಂತದ ಭಾಷಣಗಳನ್ನು ಬರೆಯುತ್ತವೆ. ಅಲ್ಲಿ ಒಳ್ಳೆಯ ಮಾತುಗಾರರು ಮಿಂಚುತ್ತಾರೆ. ನನಗೆ ಮಾತ್ರ ಸಮಿತಿ ಹಂತವೇ ಮುಖ್ಯ ಅನ್ನಿಸುತ್ತದೆ. ಪಕ್ಷೇತರನ ಬೆಲೆ ಗೊತ್ತಾಗುವುದು ಅಲ್ಲಿ.

ಸಮಿತಿ ಹಂತದಲ್ಲಿ ಮಸೂದೆಯನ್ನು ಕಲಮು ಕಲಮಾಗಿ ತೆಗೆದುಕೊಳ್ಳುತ್ತಾರೆ. ಸಚಿವರು ಎದುರಿಗೇ ಕೂತಿರುತ್ತಾರೆ. ಒಬ್ಬ ಸದಸ್ಯ ಒಂದೇ ತಿದ್ದುಪಡಿಯ ಮೇಲೆ ಮತ್ತೆ ಮತ್ತೆ ಎದ್ದು ಮಾತಾಡಬಹುದು. ಒಂದು ಉದಾಹರಣೆ ಊಹಿಸಿಕೊಳ್ಳಿ. ಮಸೂದೆಯಲ್ಲಿ 'ಸಚಿವರು ನಿಯಮ ರೂಪಿಸಬಹುದು' ಅಂತ ಇದೆ. ಸದಸ್ಯೆ ಎದ್ದು, 'ರೂಪಿಸಬಹುದು' ತೆಗೆದು 'ರೂಪಿಸತಕ್ಕದ್ದು' ಎಂದು ಹಾಕಿ ಅನ್ನುತ್ತಾರೆ. ಒಂದೇ ಪದ. ಆದರೆ ಮೊದಲನೆಯದರಲ್ಲಿ ಸಚಿವರು ಏನೂ ಮಾಡದೆ ಸುಮ್ನೆ ಕೂರಬಹುದು. ಎರಡನೆಯದರಲ್ಲಿ ಮಾಡಲೇಬೇಕು. ಸಚಿವರು, ಬೇಡ, ಅಧಿಕಾರಿಗಳಿಗೆ ಸ್ವಲ್ಪ ಸಡಿಲ ಇರಲಿ ಅನ್ನುತ್ತಾರೆ. ಹಾಗಾದರೆ ಯಾವಾಗ ಮಾಡುತ್ತೀರಿ ಎಂದು ಮತ್ತೆ ಪ್ರಶ್ನೆ ಬರುತ್ತದೆ. ಈ ವರ್ಷದೊಳಗೆ ಮಾಡುತ್ತೇವೆ ಅಂತ ಸಚಿವರು ಬಾಯಿ ಬಿಟ್ಟರೆ, ಆ ಮಾತು ಅಕ್ಷರಶಃ ದಾಖಲೆಗೆ ಹೋಯಿತು. ತಿದ್ದುಪಡಿ ಬಿದ್ದುಹೋಗಬಹುದು. ಮುಂದಿನ ವರ್ಷ ಅದೇ ಸದಸ್ಯೆ ಆ ಪುಟ ಹಿಡಿದು ಎದ್ದು ನಿಲ್ಲುತ್ತಾರೆ.

ದಾಖಲೆ ಓದುವವರಿಗೆ ಒಂದು ಸಾಲು ಪದೇ ಪದೇ ಕಾಣುತ್ತದೆ, ತಿದ್ದುಪಡಿಯನ್ನು ಸದನದ ಅನುಮತಿಯಿಂದ ಹಿಂತೆಗೆದುಕೊಳ್ಳಲಾಯಿತು ಎಂದು. ಹೊಸಬರು ಇದನ್ನು ಸೋಲು ಅಂದುಕೊಳ್ಳುತ್ತಾರೆ. ಹಾಗಲ್ಲ. ಸಮಿತಿ ಹಂತದಲ್ಲೇ ಮತಕ್ಕೆ ಹಾಕಿ ಸೋತರೆ ಅದೇ ತಿದ್ದುಪಡಿಯನ್ನು ವರದಿ ಹಂತದಲ್ಲಿ ಮತ್ತೆ ತರುವ ದಾರಿ ಮುಚ್ಚುತ್ತದೆ. ಹಿಂತೆಗೆದುಕೊಂಡರೆ ಮತ್ತೆ ತರಬಹುದು. ನಡುವಿನ ದಿನಗಳಲ್ಲಿ ಸಚಿವರ ಅಧಿಕಾರಿಗಳ ಜೊತೆ ಕೂತು ಪದ ತಿದ್ದಬಹುದು. ಎಷ್ಟೋ ಸಲ ಸಚಿವರು ಅದೇ ಆಶಯವನ್ನು ತಮ್ಮದೇ ತಿದ್ದುಪಡಿಯಾಗಿ ತರುತ್ತಾರೆ. ಆಗ ಕಾನೂನಿನಲ್ಲಿ ಬದಲಾವಣೆ ಆಗುತ್ತದೆ, ಸದಸ್ಯರ ಹೆಸರು ಮಾತ್ರ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮಸೂದೆ ಮೊದಲು ಕೆಳಮನೆಯಲ್ಲಿ ಪಾಸಾಗಿ ಮೇಲ್ಮನೆಗೆ ಬಂದಿದ್ದರೆ, ಇಲ್ಲಿ ಒಂದು ಪದ ಬದಲಿಸಿದರೂ ಅದು ಕೆಳಮನೆಗೆ ವಾಪಸ್ ಹೋಗಬೇಕು. ಬೇಸಿಗೆ ರಜೆ ಹತ್ತಿರ ಬಂದಾಗ ಯಾವ ಸಚಿವರೂ ಇದಕ್ಕೆ ಒಪ್ಪುವುದಿಲ್ಲ. ನಿಮ್ಮ ಮಾತು ಸರಿ, ಆದರೆ ಸಮಯ ಇಲ್ಲ ಅನ್ನುತ್ತಾರೆ. ಅದೇ ಮಸೂದೆ ಮೇಲ್ಮನೆಯಲ್ಲೇ ಶುರುವಾಗಿದ್ದರೆ ಸಚಿವರ ಕಿವಿ ಹೆಚ್ಚು ತೆರೆದಿರುತ್ತದೆ. ಪಕ್ಷೇತರರು ಇದನ್ನು ನೋಡಿಕೊಂಡೇ ತಮ್ಮ ಶ್ರಮವನ್ನು ಎಲ್ಲಿ ಹಾಕಬೇಕು ಎಂದು ನಿರ್ಧರಿಸುತ್ತಾರೆ.

ಅಡ್ಡಿಗಳು

ಮೊದಲ ಅಡ್ಡಿ ದುಡ್ಡು. ಸರ್ಕಾರದ ಖಜಾನೆಗೆ ಖರ್ಚು ತರುವ ತಿದ್ದುಪಡಿಯನ್ನು ಮೇಲ್ಮನೆ ಸದಸ್ಯರು ತರುವಂತಿಲ್ಲ. ಚರ್ಚೆಗೆ ಮೊದಲೇ ಸಭಾಪತಿ ಅದನ್ನು ಬದಿಗೆ ಸರಿಸುತ್ತಾರೆ. ಬೇರೆ ಬೇರೆ ಪಕ್ಷೇತರರು ವರ್ಷಗಟ್ಟಲೆ ದೂರುತ್ತಾ ಬಂದಿರುವುದು ಇದರ ಬಗ್ಗೆಯೇ. ಖರ್ಚಾಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೂ ಸಾಕು, ತಿದ್ದುಪಡಿ ಹೋಯಿತು. ಆಗ ಅವರು, 'ಈ ಬಗ್ಗೆ ಒಂದು ವರ್ಷದಲ್ಲಿ ಸಚಿವರು ಸದನಕ್ಕೆ ವರದಿ ಕೊಡಬೇಕು' ಎಂಬ ತಿದ್ದುಪಡಿ ತರುತ್ತಾರೆ. ವರದಿಯ ಹೆಸರಿನಲ್ಲಾದರೂ ವಿಷಯ ಚರ್ಚೆಗೆ ಬರಲಿ ಎಂದು.

ಎರಡನೆಯದು, ಒಂಟಿತನ. ವರದಿ ಹಂತದಲ್ಲಿ ತಿದ್ದುಪಡಿಗೆ ಇನ್ನೊಬ್ಬ ಸದಸ್ಯ ಅನುಮೋದನೆ ಕೊಡಲೇಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ತಿದ್ದುಪಡಿ ಅಲ್ಲೇ ಮುಗಿಯಿತು. ಎಷ್ಟೇ ಸ್ವತಂತ್ರ ಮನುಷ್ಯನಾದರೂ ಸದನದಲ್ಲಿ ಸ್ನೇಹಿತರನ್ನು ಇಟ್ಟುಕೊಳ್ಳಲೇಬೇಕು.

ಕೊನೆಗೆ ಇಡೀ ಸದನದ ಬಲವೇ ಕಡಿಮೆ. ಸಾಮಾನ್ಯ ಮಸೂದೆಯನ್ನು ಮೇಲ್ಮನೆ ಹೆಚ್ಚೆಂದರೆ 90 ದಿನ ತಡೆಯಬಹುದು. ಹಣಕಾಸು ಮಸೂದೆಯಾದರೆ 21 ದಿನ. ಆಮೇಲೆ ಕೆಳಮನೆಯ ಮಾತೇ ನಡೆಯುತ್ತದೆ.

ಸೋತ ಮಾತುಗಳು ಎಲ್ಲಿಗೆ ಹೋಗುತ್ತವೆ

ಮೇರಿ ರಾಬಿನ್ಸನ್ 1969ರಲ್ಲಿ 25ರ ವಯಸ್ಸಿನಲ್ಲಿ ಟ್ರಿನಿಟಿ ಕ್ಷೇತ್ರದಿಂದ ಗೆದ್ದರು. ಆಗ ಐರ್ಲೆಂಡಿನಲ್ಲಿ ಗರ್ಭನಿರೋಧಕಗಳ ಮಾರಾಟಕ್ಕೂ ಆಮದಿಗೂ ನಿಷೇಧ ಇತ್ತು. 1935ರ ಕಾನೂನು ಅದು. 1971ರಲ್ಲಿ ರಾಬಿನ್ಸನ್ ಇನ್ನಿಬ್ಬರು ವಿಶ್ವವಿದ್ಯಾಲಯದ ಸದಸ್ಯರ ಜೊತೆ ಸೇರಿ ಅದನ್ನು ಬದಲಿಸುವ ಮಸೂದೆ ತಂದರು. ಸದನ ಮೊದಲ ಮೆಟ್ಟಿಲಲ್ಲೇ ಬಾಗಿಲು ಹಾಕಿತು. ಮಸೂದೆ ಅಚ್ಚಾಗಲೂ ಬಿಡಲಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಸದಸ್ಯರು ಓದುವುದಕ್ಕೂ ಒಪ್ಪಲಿಲ್ಲ ಅಂದ ಹಾಗಾಯಿತು, ಅಲ್ವಾ? 1973ರ ಕೊನೆಗೆ ಸುಪ್ರೀಂ ಕೋರ್ಟ್, ಗಂಡ ಹೆಂಡತಿಯ ಖಾಸಗಿ ಬದುಕಿನಲ್ಲಿ ಸರ್ಕಾರ ಹೀಗೆ ತಲೆ ಹಾಕುವಂತಿಲ್ಲ ಎಂದಿತು. 1979ರಲ್ಲಿ ವೈದ್ಯರ ಚೀಟಿ ಇದ್ದರೆ ಕೊಳ್ಳಬಹುದು ಎಂಬ ಕಾನೂನು ಬಂತು. 1985ರಲ್ಲಿ ಕಾಂಡೋಮಿಗೆ ಚೀಟಿಯೂ ಬೇಡವಾಯಿತು. ಅಚ್ಚಾಗದ ಮಸೂದೆ ಕೇಳಿದ್ದು ಹದಿನಾಲ್ಕು ವರ್ಷದಲ್ಲಿ ತುಂಡು ತುಂಡಾಗಿ ಬಂತು.

ಅವರಿಗಿಂತ ಮೊದಲು ಓವನ್ ಶೀಹಿ-ಸ್ಕೆಫಿಂಗ್ಟನ್ ಇದ್ದರು. ಟ್ರಿನಿಟಿಯಲ್ಲಿ ಫ್ರೆಂಚ್ ಮೇಷ್ಟ್ರು. 1950ರ ದಶಕದ ಮಧ್ಯದಲ್ಲಿ, ಶಾಲೆಗಳಲ್ಲಿ ಮಕ್ಕಳನ್ನು ಚರ್ಮದ ಪಟ್ಟಿಯಿಂದ ಬಾರಿಸುವುದರ ವಿರುದ್ಧ ಸದನದಲ್ಲಿ ಪಟ್ಟು ಹಿಡಿದು ಮಾತಾಡಿದರು. ಶಾಲೆಗಳು ಚರ್ಚಿನ ಕೈಯಲ್ಲಿದ್ದ ಕಾಲ. ಈ ವಿಷಯ ಎತ್ತುವುದೇ ತಪ್ಪು ಎನ್ನುವ ವಾತಾವರಣ. ಅವರು 1970ರಲ್ಲಿ ತೀರಿಕೊಂಡರು. ಶಾಲೆಗಳಲ್ಲಿ ಹೊಡೆಯುವುದು ನಿಂತಿದ್ದು 1982ರಲ್ಲಿ. ಅದು ಅಪರಾಧವಾಗಿದ್ದು 1997ರಲ್ಲಿ. ನಾನು ಇದನ್ನು ಯೋಚಿಸಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಅವರು ಹೇಳಿದ ದಿನವೇ ಕೇಳಿದ್ದರೆ ಎಷ್ಟು ಮಕ್ಕಳ ಅಂಗೈ ಉಳಿಯುತ್ತಿತ್ತು!

ಇನ್ನೂ ಹಿಂದಕ್ಕೆ ಹೋದರೆ ಕವಿ ಯೇಟ್ಸ್ ಸಿಗುತ್ತಾರೆ. ಟ್ಯಾಗೋರರ ಇಂಗ್ಲಿಷ್ ಕವಿತೆಗಳಿಗೆ ಮುನ್ನುಡಿ ಬರೆದವರು ಎಂದು ನಮಗೆ ಅವರ ಪರಿಚಯ. ಅವರು 1922ರಿಂದ 1928ರವರೆಗೆ ಐರ್ಲೆಂಡಿನ ಹಳೆಯ ಸೆನೆಟ್ಟಿನ ನೇಮಿತ ಸದಸ್ಯರಾಗಿದ್ದರು. 1925ರಲ್ಲಿ ವಿಚ್ಛೇದನಕ್ಕೆ ದಾರಿ ಮುಚ್ಚುವ ಪ್ರಸ್ತಾಪ ಬಂದಾಗ, ಒಂದು ಮತದವರ ನಂಬಿಕೆಯನ್ನು ಎಲ್ಲರ ಮೇಲೆ ಹೇರಬೇಡಿ ಎಂದು ಕಟುವಾಗಿ ಮಾತಾಡಿದರು. ಅವರ ಮಾತಿನ ಧಾಟಿ ಹಲವರಿಗೆ ನೋವು ತಂದಿತು. ದೇಶ ಕೇಳಲಿಲ್ಲ. 1937ರ ಸಂವಿಧಾನ ವಿಚ್ಛೇದನವನ್ನು ಪೂರ್ತಿ ನಿಷೇಧಿಸಿತು. ಅದನ್ನು ತೆಗೆದುಹಾಕಿದ್ದು 1995ರ ಜನಮತಗಣನೆ. ಪರವಾಗಿ ಬಿದ್ದದ್ದು ನೂರಕ್ಕೆ 50.28 ಓಟು. ಕೂದಲೆಳೆ ಅಂತರ. ಯೇಟ್ಸ್ ಭಾಷಣಕ್ಕೆ ಅಷ್ಟರಲ್ಲಿ ಎಪ್ಪತ್ತು ವರ್ಷ.

ಇವೆಲ್ಲ ಉದಾರವಾದಿಗಳ ಕತೆಯಾಯಿತು, ಪಕ್ಷೇತರರೆಲ್ಲ ಹೀಗೇ ಇರುತ್ತಾರಾ ಎಂದು ಕೇಳಬಹುದು. ಇಲ್ಲ. ನ್ಯಾಷನಲ್ ಯೂನಿವರ್ಸಿಟಿ ಕ್ಷೇತ್ರದ ರೋನನ್ ಮಲ್ಲನ್ 2007ರಿಂದ ಸದನದಲ್ಲಿದ್ದಾರೆ. ಸಂಪ್ರದಾಯದ ಪರ ಇರುವವರು. 2018ರಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆ ಬಂದಾಗ ಅದನ್ನು ಕಲಮು ಕಲಮಾಗಿ ವಿರೋಧಿಸಿದರು. ಜನಮತಗಣನೆಯಲ್ಲಿ ಮೂರನೇ ಎರಡರಷ್ಟು ಜನ ಬದಲಾವಣೆಯ ಪರ ಓಟು ಹಾಕಿದ್ದರು. ಉಳಿದ ಮೂರನೇ ಒಂದು ಭಾಗದ ಜನರ ಆತಂಕವನ್ನು ಸದನದಲ್ಲಿ ಹೇಳುವವರು ಯಾರಾದರೂ ಬೇಕಲ್ಲ. ಅವರ ವಾದ ಒಪ್ಪದಿದ್ದರೂ ಅದು ಸದನದ ಒಳಗೆ ನಡೆದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ.

ಅಪರೂಪಕ್ಕೆ ಗೆದ್ದದ್ದೂ ಉಂಟು

ನನಗೆ ಬಹಳ ಇಷ್ಟವಾಗುವ ಕತೆ ಫರ್ಗಲ್ ಕ್ವಿನ್ ಅವರದು. ಸೂಪರ್‌ಮಾರ್ಕೆಟ್ ಕಟ್ಟಿ ಬೆಳೆಸಿದ ವ್ಯಾಪಾರಿ. 1993ರಿಂದ 2016ರವರೆಗೆ ಪಕ್ಷೇತರ ಸದಸ್ಯ. 2008ರ ಆರ್ಥಿಕ ಕುಸಿತದಲ್ಲಿ ಐರ್ಲೆಂಡಿನ ಕಟ್ಟಡ ಉದ್ಯಮ ಮಕಾಡೆ ಮಲಗಿತು. ದೊಡ್ಡ ಕಂಟ್ರಾಕ್ಟರುಗಳು, ನಮಗೇ ದುಡ್ಡು ಬಂದಿಲ್ಲ, ಬಂದಾಗ ಕೊಡುತ್ತೇವೆ ಎಂದು ಕೈ ಎತ್ತಿದರು. ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಕೆಲಸದವರ ಸಣ್ಣ ಕಂಪನಿಗಳು ಮಾಡಿದ ಕೆಲಸಕ್ಕೆ ಹಣ ಸಿಗದೆ ಮುಳುಗಿದವು. ನಮ್ಮೂರಿನ ಸಣ್ಣ ಗುತ್ತಿಗೆದಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ವಿನ್ 2010ರಲ್ಲಿ ಖಾಸಗಿ ಮಸೂದೆ ತಂದರು. ಮೇಲಿನವರು ಕೊಟ್ಟ ಮೇಲೆ ಕೊಡುತ್ತೇನೆ ಎಂಬ ಷರತ್ತು ನಡೆಯಬಾರದು. ಹಣದ ತಕರಾರು ಬಂದರೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯದೆ, ತೀರ್ಪುಗಾರರೊಬ್ಬರು ಬೇಗ ತೀರ್ಮಾನಿಸಬೇಕು. ಇಷ್ಟೇ ಅದರ ತಿರುಳು. ಅಲ್ಲಿ ಘೋಷಣೆ ಇಲ್ಲ, ದೊಡ್ಡ ತತ್ವದ ಜಗಳ ಇಲ್ಲ. ಕ್ವಿನ್ ಸಚಿವರ ಜೊತೆ ಕೂತರು, ಅಧಿಕಾರಿಗಳ ಜೊತೆ ಕೂತರು, ಪದಗಳನ್ನು ತಿದ್ದಲು ಒಪ್ಪಿದರು. ನಡುವೆ ಚುನಾವಣೆ ಬಂದು ಸರ್ಕಾರವೇ ಬದಲಾಯಿತು. ಹೊಸ ಸರ್ಕಾರವೂ ಮಸೂದೆಯನ್ನು ಎತ್ತಿಕೊಂಡಿತು. 2013ರಲ್ಲಿ ಅದು ಕಾನೂನಾಯಿತು. 2016ರ ಜುಲೈನಿಂದ ಜಾರಿಯಲ್ಲಿದೆ. ಪಕ್ಷವಿಲ್ಲದ ಒಬ್ಬ ಸದಸ್ಯರ ಮಸೂದೆ ಕಾನೂನಾಗುವುದು ಎಷ್ಟು ಅಪರೂಪ ಎಂದು ತಿಳಿಯಲು ನಮ್ಮ ಸಂಸತ್ತನ್ನೇ ನೋಡಿ. ಸ್ವಾತಂತ್ರ್ಯದ ನಂತರ ಪಾಸಾದ ಖಾಸಗಿ ಸದಸ್ಯರ ಮಸೂದೆಗಳು ಒಟ್ಟು 14. ಕೊನೆಯದು 1970ರಲ್ಲಿ.

ಇದರ ಪಕ್ಕದಲ್ಲೇ ನಾರಿಸ್ ಮಸೂದೆಯನ್ನಿಟ್ಟು ನೋಡಬೇಕು. 2004ರ ಕೊನೆಯಲ್ಲಿ ಅವರು ಸಿವಿಲ್ ಪಾರ್ಟ್‌ನರ್‌ಶಿಪ್ ಮಸೂದೆ ತಂದರು. ಮದುವೆಯಾಗದೆ ಜೊತೆಯಲ್ಲಿ ಬಾಳುವ ಜೋಡಿಗಳಿಗೆ, ಸಲಿಂಗಿ ಜೋಡಿಗಳಿಗೂ, ಕಾನೂನಿನ ಮಾನ್ಯತೆ ಕೊಡುವ ಮಸೂದೆ. ಸರ್ಕಾರ ಬೇಡ ಅನ್ನಲಿಲ್ಲ. ಚರ್ಚೆ ಮುಂದೂಡಿತು. ಅಲ್ಲಿಗೆ ಅದು ನಿಂತಿತು. ಆದರೆ ಆ ಚರ್ಚೆಯಲ್ಲಿ ಎಲ್ಲ ಪಕ್ಷದವರೂ ತಮ್ಮ ನಿಲುವನ್ನು ದಾಖಲೆಯಲ್ಲಿ ಹೇಳಬೇಕಾಯಿತು. 2010ರಲ್ಲಿ ಸರ್ಕಾರವೇ ಅಂಥ ಕಾನೂನು ತಂದಿತು. 2015ರ ಮೇನಲ್ಲಿ ಜನಮತಗಣನೆಯಲ್ಲಿ ನೂರಕ್ಕೆ 62 ಜನ ಸಲಿಂಗ ವಿವಾಹಕ್ಕೆ ಹೂಂ ಅಂದರು.

ಮೂರನೆಯದು ಗಾಯಕಿ ಫ್ರಾನ್ಸಿಸ್ ಬ್ಲ್ಯಾಕ್ ಅವರದು. 2016ರಲ್ಲಿ ಅವರು ಪಕ್ಷದವರೇ ಓಟು ಹಾಕುವ ಪಟ್ಟಿಯಿಂದ ಪಕ್ಷೇತರರಾಗಿ ಗೆದ್ದರು. ಇಸ್ರೇಲ್ ಆಕ್ರಮಿಸಿರುವ ಪ್ರದೇಶದ ವಸಾಹತುಗಳಿಂದ ಸರಕು ತರಿಸುವುದನ್ನು ತಡೆಯುವ ಮಸೂದೆ ತಂದರು. ಆಗ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತ ಇರಲಿಲ್ಲ. ಸರ್ಕಾರ ವಿರೋಧಿಸಿದರೂ 2018ರ ಡಿಸೆಂಬರ್‌ನಲ್ಲಿ ಮಸೂದೆ ಮೇಲ್ಮನೆಯ ಎಲ್ಲ ಹಂತ ದಾಟಿತು. ಕೆಳಮನೆಯಲ್ಲೂ ಬೆಂಬಲ ಇತ್ತು. ಆದರೆ ಖಜಾನೆಗೆ ಖರ್ಚು ತರುವ ಮಸೂದೆ ಮುಂದೆ ಹೋಗಬೇಕಾದರೆ ಸರ್ಕಾರ ಒಂದು ಹಣಕಾಸು ಸಂದೇಶ ಕೊಡಬೇಕು. ಸರ್ಕಾರ ಕೊಡಲಿಲ್ಲ. ಮಸೂದೆ ವರ್ಷಗಟ್ಟಲೆ ಅಲ್ಲೇ ಕೂತಿತು. 2025ರಲ್ಲಿ ಸರ್ಕಾರ ತನ್ನದೇ ಕರಡನ್ನು ತಂದಿತು.

ಒಂದು ಓಟು ಲೆಕ್ಕಕ್ಕೆ ಬಂದಾಗ

ಹಾಗಂತ ಪಕ್ಷೇತರರ ಓಟಿಗೆ ಯಾವತ್ತೂ ತೂಕ ಇರಲಿಲ್ಲ ಎಂದಲ್ಲ. 1959ರಲ್ಲಿ ಪ್ರಧಾನಿ ಡಿ ವಲೇರಾ ಅವರ ಸರ್ಕಾರ ಚುನಾವಣೆಯ ಪದ್ಧತಿಯನ್ನೇ ಬದಲಿಸಲು ಹೊರಟಿತು. ಇಷ್ಟದ ಕ್ರಮದ ಮತ ತೆಗೆದು, ನಮ್ಮ ಲೋಕಸಭೆಯ ಹಾಗೆ ಜಾಸ್ತಿ ಓಟು ಬಿದ್ದವನು ಗೆದ್ದ ಎಂಬ ಪದ್ಧತಿ ತರುವ ಯೋಜನೆ. ಅದರಿಂದ ದೊಡ್ಡ ಪಕ್ಷಕ್ಕೇ ಲಾಭ. ಮೇಲ್ಮನೆ ಅದನ್ನು ಒಂದೇ ಓಟಿನ ಅಂತರದಲ್ಲಿ ತಿರಸ್ಕರಿಸಿತು. ಕೆಳಮನೆ ಅದನ್ನು ದಾಟಿಸಿ ಜನರ ಮುಂದಿಟ್ಟಿತು. ಜೂನ್‌ನಲ್ಲಿ ಜನರೂ ಬೇಡ ಎಂದರು. ಅದೇ ದಿನ ಡಿ ವಲೇರಾ ರಾಷ್ಟ್ರಪತಿಯಾಗಿ ಗೆದ್ದರು. ಮನುಷ್ಯ ಬೇಕು, ಅವರ ಬದಲಾವಣೆ ಬೇಡ ಎಂದು ಜನ ಎರಡನ್ನೂ ಬೇರೆ ಬೇರೆಯಾಗಿ ತೂಗಿದರು.

1994ರ ಕೊನೆಯಲ್ಲಿ ಇನ್ನೊಂದು ಸಂದರ್ಭ ಬಂತು. ಚುನಾವಣೆ ಇಲ್ಲದೆ ಸರ್ಕಾರ ಬದಲಾಯಿತು. ಹಳೆಯ ಪ್ರಧಾನಿ ನೇಮಿಸಿದ 11 ಜನ ಹಾಗೇ ಉಳಿದರು. ಹೊಸ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತ ಇಲ್ಲ. 1997ರವರೆಗೂ ಪಕ್ಷೇತರರನ್ನು ಒಪ್ಪಿಸದೆ ಸರ್ಕಾರದ ಕೆಲಸ ಸಲೀಸಾಗಿ ನಡೆಯುವಂತಿರಲಿಲ್ಲ.

ನಮ್ಮ ಕಡೆಯ ನಂಟು

ಈ ಸದನದ ಜೊತೆ ನಮಗೆ ಒಂದು ಹಳೆಯ ನಂಟಿದೆ. ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಕರಾವಳಿಯವರು, ಮಂಗಳೂರು ಕಡೆಯವರು. 1947ರ ಕೊನೆಯಲ್ಲಿ ಬೇರೆ ದೇಶಗಳ ಸಂವಿಧಾನ ನೋಡಿ ಬರಲು ಹೊರಟವರು ಡಬ್ಲಿನ್ನಿಗೂ ಹೋದರು. ಡಿ ವಲೇರಾ ಅವರನ್ನು ಕಂಡು ಮಾತಾಡಿದರು. ರಾಜ್ಯನೀತಿಯ ನಿರ್ದೇಶಕ ತತ್ವಗಳು ನಮಗೆ ಐರ್ಲೆಂಡಿನಿಂದ ಬಂದವು ಎಂದು ಶಾಲೆಯಲ್ಲಿ ಓದಿದ್ದೇವೆ. ರಾಜ್ಯಸಭೆಗೆ 12 ಜನರನ್ನು ನೇಮಿಸುವ ಏರ್ಪಾಡಿನ ಹಿಂದೆಯೂ ಐರಿಷ್ ಮಾದರಿ ಇದೆ.

ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರದು, 7 ಶಿಕ್ಷಕರದು, 11 ನೇಮಕದ್ದು. ರೂಪ ನೋಡಿದರೆ ಡಬ್ಲಿನ್ನಿನ ಅಣ್ಣತಮ್ಮನ ಹಾಗೆ ಕಾಣುತ್ತದೆ. ಆದರೆ ನಮ್ಮಲ್ಲಿ ಪದವೀಧರರ ಕ್ಷೇತ್ರಕ್ಕೂ ಪಕ್ಷಗಳು ಬಿ ಫಾರಂ ಕೊಟ್ಟು ಪೂರ್ತಿ ಬಲ ಹಾಕುತ್ತವೆ. ನೋಂದಣಿಯಿಂದ ಹಿಡಿದು ಮತಗಟ್ಟೆಯವರೆಗೆ ಕಾರ್ಯಕರ್ತರೇ ಓಡಾಡುತ್ತಾರೆ. ಯಾವ ಪಕ್ಷಕ್ಕೂ ಸೇರದ ಮೇಷ್ಟ್ರೊಬ್ಬರು ಬರೀ ತಮ್ಮ ಮಾತಿನ ಬಲದಿಂದ ಗೆಲ್ಲುವುದು ಇಲ್ಲಿ ಕಷ್ಟ. ಆ ಜಾಗ ಇನ್ನೂ ನಮ್ಮಲ್ಲಿ ಇದೆ ಅನ್ನೋದನ್ನಾದರೂ ನಾವು ಮರೆಯಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ಎಳೆಯೂ ಇದೆ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತಲ್ಲ, ಆ ತೀರ್ಪಿನಲ್ಲಿ ನಾರಿಸ್ ಗೆದ್ದ ಯುರೋಪಿನ ಮೊಕದ್ದಮೆಯ ಉಲ್ಲೇಖ ಬರುತ್ತದೆ.

ಸದನವೇ ಬೇಡ ಎಂದಾಗ

ಪದವೀಧರರಿಗೆ ಮಾತ್ರ ಓಟು ಯಾಕೆ? ಓದಿದವನ ಓಟಿಗೆ ಬೇರೆ ಬೆಲೆಯಾ? ಈ ಪ್ರಶ್ನೆ ನ್ಯಾಯವಾದದ್ದೇ. ಅದರಲ್ಲೂ ಎಲ್ಲ ವಿಶ್ವವಿದ್ಯಾಲಯಗಳ ಪದವೀಧರರಿಗೂ ಓಟು ಇರಲಿಲ್ಲ. ಬೇರೆ ಸಂಸ್ಥೆಗಳಿಗೂ ಓಟು ಕೊಡಬಹುದು ಎಂದು 1979ರಲ್ಲೇ ಜನ ಸಂವಿಧಾನ ತಿದ್ದುಪಡಿಗೆ ಒಪ್ಪಿದ್ದರು. ಸರ್ಕಾರಗಳು ನಲವತ್ತು ವರ್ಷ ಅದನ್ನು ಮುಟ್ಟಲೇ ಇಲ್ಲ.

2013ರಲ್ಲಿ ಪ್ರಧಾನಿ ಎಂಡಾ ಕೆನ್ನಿ ಇಡೀ ಮೇಲ್ಮನೆಯನ್ನೇ ರದ್ದು ಮಾಡಲು ಜನಮತಗಣನೆ ಕರೆದರು. ಖರ್ಚು ಉಳಿಯುತ್ತದೆ, ರಾಜಕಾರಣಿಗಳು ಕಡಿಮೆಯಾಗುತ್ತಾರೆ ಎನ್ನುವ ವಾದ ಜನಪ್ರಿಯವಾಗಿತ್ತು. ಉಳಿಸಿ, ಆದರೆ ಸುಧಾರಿಸಿ ಎಂದು ಓಡಾಡಿದವರಲ್ಲಿ ಫರ್ಗಲ್ ಕ್ವಿನ್ ಮತ್ತು ಇತರ ಪಕ್ಷೇತರರು ಮುಂದಿದ್ದರು. ಅಕ್ಟೋಬರ್ 4ರಂದು ಓಟು ನಡೆಯಿತು. ರದ್ದು ಬೇಡ ಎಂದವರು ನೂರಕ್ಕೆ 51.7. ಬೇಕು ಎಂದವರು 48.3. ಸದನ ಉಳಿಯಿತು.

ಓಟಿನ ಹಕ್ಕಿನ ವಿಷಯ ಕೊನೆಗೆ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಹಳೆಯ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಹೊಸ ಕಾನೂನು ಬಂತು. ಟ್ರಿನಿಟಿಯ ಮೂರು, ನ್ಯಾಷನಲ್ ಯೂನಿವರ್ಸಿಟಿಯ ಮೂರು ಎಂಬ ವಿಂಗಡಣೆ ಹೋಗಿ, ಉನ್ನತ ಶಿಕ್ಷಣ ಪಡೆದವರ ಆರು ಸ್ಥಾನಗಳ ಒಂದೇ ಕ್ಷೇತ್ರ ಆಗುತ್ತದೆ. 2025ರ ಜನವರಿಯ ಚುನಾವಣೆ ಹಳೆಯ ಲೆಕ್ಕದಲ್ಲೇ ನಡೆಯಿತು. ಮುಂದಿನದು ಹೊಸ ಲೆಕ್ಕದಲ್ಲಿ.

ಡೇವಿಡ್ ನಾರಿಸ್ ಅದನ್ನು ಸದನದ ಹೊರಗಿನಿಂದ ನೋಡುತ್ತಾರೆ. 2011ರಲ್ಲಿ ಅವರು ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತರು, ಮತ್ತೆ ಮೇಲ್ಮನೆಯ ಕುರ್ಚಿಗೇ ಬಂದು ಕೂತರು. 2018ರ ಜೂನ್‌ನಲ್ಲಿ, ಹಳೆಯ ಕಾನೂನಿನಡಿ ಶಿಕ್ಷೆ ಅನುಭವಿಸಿದವರ ಕ್ಷಮೆ ಕೇಳುವ ನಿರ್ಣಯ ಸಂಸತ್ತಿನ ಮುಂದೆ ಬಂದಾಗಲೂ ಅವರು ಅಲ್ಲೇ ಇದ್ದರು. 2024ರ ಜನವರಿಯಲ್ಲಿ ನಿವೃತ್ತರಾದರು. ಅಷ್ಟು ಹೊತ್ತಿಗೆ ಐರ್ಲೆಂಡಿನ ಮೇಲ್ಮನೆಯಲ್ಲಿ ಬಿಡುವಿಲ್ಲದೆ ಅವರಷ್ಟು ವರ್ಷ ಕೂತ ಇನ್ನೊಬ್ಬ ಸದಸ್ಯ ಇರಲಿಲ್ಲ.